ಪದೇ ಪದೇ ಆಫ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿ

ಮುಂಬಯಿಯಲ್ಲಿ ಮನೆಯ ಡೆಸ್ಕ್‌ಟಾಪ್ ತಾನಾಗಿ ಆಫ್ ಆಗ್ತಿದೆ ಅಂತ ಯಾರಿಗಾದರೂ ಹೇಳಿ ನೋಡಿ. ರಿಪೇರಿಗೆ ಬಂದ ಹುಡುಗ ಬ್ಯಾಗ್ ಕೆಳಗಿಡುವ ಮುಂಚೆಯೇ ತೀರ್ಪು ಕೊಟ್ಟಿರುತ್ತಾನೆ: ‘ಫಾರ್ಮ್ಯಾಟ್ ಮಾರ್‌ನಾ ಪಡೇಗಾ.’ ಅಂದರೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು. ನಾವೂ ತಲೆಯಾಡಿಸಿ ಮಾಡಿಸುತ್ತೇವೆ. ಮಕ್ಕಳ ಫೋಟೊ, ಟ್ಯಾಲಿ ಡೇಟಾ, ನುಡಿಯಲ್ಲಿ ಟೈಪ್ ಮಾಡಿಟ್ಟ ಸಂಘದ ವರದಿ ಎಲ್ಲ ಪೆನ್‌ಡ್ರೈವ್‌ಗೆ ಹೋಗಿ ವಾಪಸ್ ಬರುತ್ತವೆ. ಬಂದರೆ. ನಾಲ್ಕು ದಿನ ಕಂಪ್ಯೂಟರ್ ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಅದೇ ಕಥೆ.

ಫಾರ್ಮ್ಯಾಟ್ ಕೆಟ್ಟದ್ದೇನಲ್ಲ. ಆದರೆ ಅದು ಸಾಫ್ಟ್‌ವೇರಿನ ತೊಂದರೆಗೆ ಮಾತ್ರ ಮದ್ದು. ಕರೆಂಟ್, ಬಿಸಿ, ರ‍್ಯಾಮ್ (ಕೆಲಸ ಮಾಡುವಾಗ ಡೇಟಾ ಹಿಡಿದಿಡುವ ಮೆಮೊರಿ) ಇವುಗಳ ತೊಂದರೆಗೆ ಫಾರ್ಮ್ಯಾಟ್ ಮಾಡುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಾನು ನೋಡಿದ ಮಟ್ಟಿಗೆ ನಮ್ಮ ಮನೆಗಳ ಡೆಸ್ಕ್‌ಟಾಪ್‌ಗಳಲ್ಲಿ ಈ ಮೂರೇ ಜಾಸ್ತಿ. ಅದರಲ್ಲೂ ಕರೆಂಟ್.

ಒಂದು ಕೆಲಸ ಮಾತ್ರ ಮೊದಲೇ ಮಾಡಿಬಿಡಿ. ಮುಖ್ಯವಾದ ಫೈಲುಗಳನ್ನು ಬೇರೆ ಡಿಸ್ಕ್‌ಗೋ ಕ್ಲೌಡ್‌ಗೋ ಕಾಪಿ ಮಾಡಿ. ಪದೇ ಪದೇ ದಿಢೀರ್ ಆಫ್ ಆಗುವ ಕಂಪ್ಯೂಟರಿನಲ್ಲಿ ಯಾವ ಫೈಲ್ ಯಾವಾಗ ಹಾಳಾಗುತ್ತದೆ ಅಂತ ಹೇಳಲಿಕ್ಕಾಗದು.

ಆಮೇಲೆ ನೋಡಬೇಕಾದ್ದು ಕಂಪ್ಯೂಟರ್ ಹೇಗೆ ನಿಲ್ಲುತ್ತಿದೆ ಎಂಬುದನ್ನು. ಪರದೆ ಕಪ್ಪಾಗಿ, ಫ್ಯಾನ್ ಸದ್ದೂ ನಿಂತು, ಪ್ಲಗ್ ಕಿತ್ತ ಹಾಗೆ ಆಫ್ ಆಗುತ್ತದೋ? ನೀಲಿ ಪರದೆ ಬಂದು ಒಂದು ಸಪ್ಪೆ ಮುಖದ ಚಿತ್ರ ತೋರಿಸಿ ರೀಸ್ಟಾರ್ಟ್ ಆಗುತ್ತದೋ? ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಆ ಪರದೆಯ ಬಣ್ಣ ಕಪ್ಪು, ಕಪ್ಪಿನ ಮೇಲೆ ಅಕ್ಷರ ಇದ್ದರೆ ಅದೂ ನೀಲಿ ಪರದೆಯೇ ಅಂತ ಲೆಕ್ಕ. ಅಥವಾ ಮೌಸ್ ಅಲ್ಲಾಡದೆ, ಹಾಡು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಾ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೋ? ಒಂದೇ ಗೇಮ್ ಅಥವಾ ಒಂದೇ ಸಾಫ್ಟ್‌ವೇರ್ ಮಾತ್ರ ಮುಚ್ಚಿಕೊಂಡು ಉಳಿದದ್ದೆಲ್ಲ ಸರಿಯಾಗಿರುತ್ತದೋ?

ಇವು ನಾಲ್ಕೂ ಬೇರೆ ಬೇರೆ. ನೀಲಿ ಪರದೆ ಬಂತು ಅಂದರೆ ಏನೋ ತಪ್ಪಾಗಿದೆ ಅಂತ ವಿಂಡೋಸ್‌ಗೆ ಗೊತ್ತಾಯಿತು, ಇನ್ನು ಮುಂದುವರಿದರೆ ಡೇಟಾ ಹಾಳಾಗುತ್ತದೆ ಅಂತ ತಾನಾಗಿ ನಿಂತಿತು ಅಂತ ಅರ್ಥ. ದಿಢೀರ್ ಆಫ್ ಆದಾಗ ವಿಂಡೋಸ್‌ಗೆ ಏನೂ ಗೊತ್ತೇ ಆಗಿರುವುದಿಲ್ಲ. ಅದರ ಕಾಲ ಕೆಳಗಿನ ಕರೆಂಟೇ ಹೋಗಿರುತ್ತದೆ. ಹೆಪ್ಪುಗಟ್ಟಿದರೆ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಅಥವಾ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್) ಮೇಲೆ ಸಂಶಯ. ಒಂದೇ ಸಾಫ್ಟ್‌ವೇರ್ ಮುಚ್ಚಿಕೊಂಡರೆ ಮೊದಲು ಆ ಸಾಫ್ಟ್‌ವೇರನ್ನೇ ಮತ್ತೆ ಹಾಕಿ ನೋಡಿ, ಇಡೀ ಮನೆ ಕೆಡವಬೇಡಿ.

ನೀಲಿ ಪರದೆ ಓದುವಷ್ಟರಲ್ಲಿ ಮಾಯವಾಗುತ್ತದೆ ಅನ್ನುವವರಿಗೆ ಒಂದು ಸೆಟ್ಟಿಂಗ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ. ಅದರಲ್ಲಿ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ಭಾಗಕ್ಕೆ ಹೋಗಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಟಿಕ್ ತೆಗೆಯಿರಿ. ಇನ್ನು ಮುಂದೆ ಆ ಪರದೆ ನೀವು ಬಟನ್ ಒತ್ತುವವರೆಗೂ ನಿಂತಿರುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಇನ್ನೊಂದು ಸೊಗಸಾದ ಸಾಧನ ‘ರಿಲಯಬಿಲಿಟಿ ಹಿಸ್ಟರಿ’. ಇದು ವಿಂಡೋಸ್‌ನೊಳಗೇ ಇದೆ, ಆದರೂ ಯಾರೂ ತೆರೆಯುವುದಿಲ್ಲ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನ ಕೆಂಪು ಗುರುತು ಬಿತ್ತು ಅಂತ ಕ್ಯಾಲೆಂಡರಿನ ಹಾಗೆ ತೋರಿಸುತ್ತದೆ. ಮಂಗಳವಾರ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗಿ ಬುಧವಾರದಿಂದ ಕೆಂಪು ಗುರುತುಗಳು ಸಾಲಾಗಿ ನಿಂತಿದ್ದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

‘ಇವೆಂಟ್ ವ್ಯೂವರ್’ ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಂಡರೆ ಗಾಬರಿ ಬೇಡ. ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತಷ್ಟೇ ಅದರ ಅರ್ಥ. ಹೆಸರಿನಲ್ಲಿ ‘ಪವರ್’ ಇದೆ ಅಂತ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸುವ ಕ್ಯಾಬಿನೆಟ್ಟಿನೊಳಗಿನ ಡಬ್ಬ) ಹೋಗಿದೆ ಅಂತ ಹೇಳುವವರನ್ನು ನಂಬಬೇಡಿ. ಆ ನಮೂದಿನ ‘ಡೀಟೇಲ್ಸ್’ ಒತ್ತಿ ‘ಬಗ್‌ಚೆಕ್‌ಕೋಡ್’ ಎದುರು ಏನಿದೆ ನೋಡಿ. ಸೊನ್ನೆ ಇದ್ದರೆ ವಿಂಡೋಸ್ ಏನನ್ನೂ ದಾಖಲಿಸುವ ಮೊದಲೇ ಕರೆಂಟ್ ಹೋಗಿದೆ ಅಥವಾ ಕಂಪ್ಯೂಟರ್ ಪೂರ್ತಿ ಹೆಪ್ಪುಗಟ್ಟಿದೆ. ಬೇರೆ ಸಂಖ್ಯೆ ಇದ್ದರೆ ಅದು ನೀಲಿ ಪರದೆಯ ಕೋಡ್, ಆದರೆ ದಶಮಾಂಶದಲ್ಲಿ. ಉದಾಹರಣೆಗೆ 292 ಅಂತ ಇದ್ದರೆ ವಿಂಡೋಸ್ ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ಮೋಡ್‌ನಲ್ಲಿ ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ತಿರುಗಿಸಿ. 124 ಬರುತ್ತದೆ. ಅದು ‘WHEA ಅನ್‌ಕರೆಕ್ಟಬಲ್ ಎರರ್’. ಹಾರ್ಡ್‌ವೇರ್ ತಾನೇ ತನ್ನ ಮೇಲೆ ಕೊಟ್ಟ ದೂರು. ಈ ಕೋಡ್ ಪದೇ ಪದೇ ಬರುತ್ತಿದ್ದರೆ ಫಾರ್ಮ್ಯಾಟ್‌ಗೆ ದುಡ್ಡು ಸುರಿಯಬೇಡಿ.

ಈಗ ಕರೆಂಟಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಉಡುಪಿ ಕಡೆಯ ಒಬ್ಬರು ಮಾಮ ಇದ್ದಾರೆ. ಹೋಟೆಲಿನ ಲೆಕ್ಕವನ್ನು ಬೆಳಿಗ್ಗೆ ಬೇಗ ಎದ್ದು ಮನೆಯಲ್ಲೇ ಟ್ಯಾಲಿಯಲ್ಲಿ ಬರೆಯುತ್ತಾರೆ. ಅವರ ಕಂಪ್ಯೂಟರ್ ಬೆಳಿಗ್ಗೆ ಮಾತ್ರ ರೀಸ್ಟಾರ್ಟ್ ಆಗುತ್ತಿತ್ತು. ಎರಡು ಸಲ ಫಾರ್ಮ್ಯಾಟ್ ಆಗಿತ್ತು, ರ‍್ಯಾಮ್ ಕೂಡ ಬದಲಾಗಿತ್ತು. ಆದಾಗಲೆಲ್ಲ ಟೈಮ್ ಬರೆದಿಡಿ ಅಂದೆ. ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದುಕೊಂಡು ಬಂದರು: 6.10, 6.05, 6.10, ಒಂದು ದಿನ ಮಾತ್ರ 6.40. ಆ ದಿನ ವಾಚ್‌ಮ್ಯಾನ್ ತಡವಾಗಿ ಎದ್ದಿದ್ದ. ಸೊಸೈಟಿಯ ನೀರಿನ ಪಂಪ್ ಹಾಕುವವನು ಅವನೇ.

‘ಮಾಮಾ, ಯುಪಿಎಸ್ ಬ್ಯಾಟರಿ ಯಾವಾಗ ಬದಲಾಯಿಸಿದ್ದು?’

‘ಅದನ್ನು ಬದಲಿಸ್ಲಿಕ್ಕುಂಟಾ? ಹಸಿರು ಲೈಟ್ ಉರೀತಾ ಉಂಟಲ್ಲ ಮಾರಾಯಾ!’

ಆಗುತ್ತಿದ್ದದ್ದು ಇಷ್ಟು. ದೊಡ್ಡ ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕ್ಷಣ ಬಿಲ್ಡಿಂಗಿನ ವೋಲ್ಟೇಜ್ ಕುಸಿಯುತ್ತದೆ, ಬಲ್ಬ್ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಯುಪಿಎಸ್ ಅದನ್ನು ಗಮನಿಸಿ ‘ಟಕ್’ ಅಂತ ಬ್ಯಾಟರಿಗೆ ಹಾರುತ್ತದೆ. ಹೀಗೆ ಹಾರಲು ಸಾಮಾನ್ಯ ಯುಪಿಎಸ್‌ಗೆ ಹೆಚ್ಚೆಂದರೆ 10 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತನ್ನು ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ತುಂಬಿಟ್ಟ ಕರೆಂಟಿನಿಂದ ತಳ್ಳುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಎರಡೂ ಸರಿಯಿದ್ದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಮಾಮನ ಯುಪಿಎಸ್ ‘ಟಕ್’ ಅಂತ ಹಾರುತ್ತಿತ್ತು ನಿಜ, ಆದರೆ ಹಾರಿದ ಕಡೆ ಬ್ಯಾಟರಿ ಸತ್ತು ಕೂತಿತ್ತು. ಹಸಿರು ಲೈಟ್ ಹೇಳುವುದು ಗೋಡೆಯ ಕರೆಂಟ್ ಇದೆ ಅಂತ ಮಾತ್ರ. ಒಳಗಿನ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿ ಬದಲಾಯಿಸಿದ ಮೇಲೆ ಪಂಪ್ ಎಷ್ಟು ಸಲ ಶುರುವಾದರೂ ಟ್ಯಾಲಿ ನಿಲ್ಲಲಿಲ್ಲ.

ನಿಮ್ಮ ಯುಪಿಎಸ್ ಪರೀಕ್ಷಿಸಲು ಕಂಪ್ಯೂಟರನ್ನು ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ನಿಲ್ಲಿಸಿ. ಅಲ್ಲಿ ಹಾಳಾಗಲಿಕ್ಕೆ ಯಾವ ಫೈಲೂ ತೆರೆದಿರುವುದಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ. ಕೆಲವು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಹೋಗಿದೆ. ಈ ಬ್ಯಾಟರಿಗಳು ಎರಡು-ಮೂರು ವರ್ಷ ಬಂದರೆ ಅದೇ ಪುಣ್ಯ. ಇನ್ನೊಂದು ವಿಷಯ: ಮಾರ್ಕೆಟ್‌ನಲ್ಲಿ ಸಿಗುವ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟ್‌ನಷ್ಟು. ಮಗನಿಗೆ ಅಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಹಳೇ ಯುಪಿಎಸ್‌ಗೇ ಜೋಡಿಸಿದ್ದರೆ ಕರೆಂಟ್ ಹೋದ ಕೂಡಲೇ ಅದು ಕೈಚೆಲ್ಲುತ್ತದೆ. ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಅಗ್ಗದ ಯುಪಿಎಸ್ ಕೊಡುವ ಚೌಕಾಕಾರದ ಅಲೆಯ ಕರೆಂಟ್ ಒಗ್ಗುವುದೂ ಇಲ್ಲ. ಮನೆಯ ಇನ್ವರ್ಟರ್‌ಗೆ ನೇರವಾಗಿ ಡೆಸ್ಕ್‌ಟಾಪ್ ಜೋಡಿಸಿದವರು ಅದರ ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದೆಯಾ ನೋಡಿ. ಇದ್ದರೆ ಅದನ್ನೇ ಹಾಕಿ. ಇನ್ನೊಂದು ಮೋಡ್‌ನಲ್ಲಿ ಅದು ಬ್ಯಾಟರಿಗೆ ಹಾರುವುದು ಕಂಪ್ಯೂಟರ್ ಕಾಯುವುದಕ್ಕಿಂತ ನಿಧಾನ.

ಯುಪಿಎಸ್ ಸರಿಯಿದ್ದೂ ದಿಢೀರ್ ಆಫ್ ಆಗುತ್ತಿದೆ, ಅದೂ ಗೇಮ್ ಆಡುವಾಗ ಅಥವಾ ವಿಡಿಯೊ ಎಡಿಟ್ ಮಾಡುವಾಗ ಅಂದರೆ ಎಸ್‌ಎಂಪಿಎಸ್ ಮೇಲೆ ಸಂಶಯ. ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಲೆಕ್ಕದ ಎರಡು ಪಟ್ಟಿನವರೆಗೂ ಕರೆಂಟ್ ಎಳೆಯಬಲ್ಲವು. ಇದೇ ಕಾರಣಕ್ಕೆ 2022ರಲ್ಲಿ ಬಂದ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ 3.0 ನಿಯಮದಲ್ಲಿ ಅಂಥ ಎಳೆತ ತಡೆದುಕೊಳ್ಳಬೇಕು ಅಂತ ಸೇರಿಸಿದರು. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದ ‘450 ವಾಟ್’ ಸ್ಟಿಕ್ಕರಿನ ಹಗುರ ಡಬ್ಬದಿಂದ ಇದನ್ನೆಲ್ಲ ನಿರೀಕ್ಷಿಸಬಾರದು. ಬಯಾಸ್‌ನಲ್ಲಿ 12 ವೋಲ್ಟ್ ಸಾಲು 11.4ರಿಂದ 12.6ರ ಒಳಗಿರಬೇಕು. ಆದರೆ ಬಯಾಸ್‌ನಲ್ಲಿ ಲೋಡ್ ಇರುವುದಿಲ್ಲ, ಹಾಗಾಗಿ ಅಲ್ಲಿ ಸರಿ ಕಂಡರೂ ಖಾತರಿ ಇಲ್ಲ. ಗೆಳೆಯರ ಮನೆಯ ಒಳ್ಳೆಯ ಎಸ್‌ಎಂಪಿಎಸ್ ಎರಡು ದಿನ ತಂದು ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಹಳೇ ಚಾಳ್‌ಗಳಲ್ಲಿ, ಹಳೇ ಬಿಲ್ಡಿಂಗ್‌ಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಅರ್ಥಿಂಗ್ ಇಲ್ಲ ಅಂತ ಅರ್ಥ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲೀಜನ್ನು ಅರ್ಥ್‌ಗೆ ಇಳಿಸಲೆಂದೇ ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಸಿಗದಿದ್ದರೆ ಕ್ಯಾಬಿನೆಟ್ಟೇ 230ರ ಅರ್ಧದಷ್ಟು ವೋಲ್ಟೇಜಿಗೆ ಏರಿ ಕೂರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಆದರೂ ಯುಎಸ್‌ಬಿ ಸಾಧನಗಳು ಸುಮ್ನೆ ಕಳಚಿಕೊಳ್ಳುವುದು, ಸ್ಪೀಕರ್‌ನಲ್ಲಿ ಗುಂಯ್ ಅನ್ನುವುದು ಇದರಿಂದಲೇ ಇರಬಹುದು. ಇದು ಎಲೆಕ್ಟ್ರಿಷಿಯನ್ ಕೆಲಸ, ಕಂಪ್ಯೂಟರಿನವನದಲ್ಲ. ಮುಂದೂಡಬೇಡಿ.

ಬಿಸಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈಗಿನ ಪ್ರೊಸೆಸರ್ ಬಿಸಿಯಾದ ಕೂಡಲೇ ಆಫ್ ಆಗುವುದಿಲ್ಲ. ಮೊದಲು ತಾನೇ ವೇಗ ತಗ್ಗಿಸುತ್ತದೆ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಆಸುಪಾಸಿನಲ್ಲಿ, ಎಎಂಡಿ ರೈಜನ್ 7000 ಸಾಲಿನ ಹೆಚ್ಚಿನವು 95ರಲ್ಲಿ. ಆದ್ದರಿಂದ ಆಫ್ ಆಗುವುದಕ್ಕೆ ಮೊದಲು ಕಂಪ್ಯೂಟರ್ ಎತ್ತಿನಗಾಡಿಯಾಗಿತ್ತಾ, ಫ್ಯಾನ್ ಕಿರುಚುತ್ತಿತ್ತಾ ನೆನಪು ಮಾಡಿಕೊಳ್ಳಿ. ಹೌದಾದರೆ ‘ಎಚ್‌ಡಬ್ಲ್ಯೂ ಇನ್ಫೊ’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಉಷ್ಣಾಂಶ ನೋಡಿ. ಏನೂ ಕೆಲಸವಿಲ್ಲದೆ ಕೂತಾಗಲೇ 70 ದಾಟಿದ್ದರೆ ಪ್ರೊಸೆಸರ್ ಮೇಲಿನ, ಬಿಸಿ ದಾಟಿಸುವ ಪೇಸ್ಟ್ ಒಣಗಿದೆ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಸಡಿಲವಾಗಿದೆ ಅಥವಾ ಧೂಳು ಕಂಬಳಿಯಾಗಿದೆ. ನಮ್ಮ ಅಕ್ಟೋಬರ್ ಹೀಟ್‌ನಲ್ಲಿ, ಮರದ ಟೇಬಲ್ಲಿನ ಬಾಗಿಲು ಹಾಕಿದ ಗೂಡಿನೊಳಗೆ ಕ್ಯಾಬಿನೆಟ್ ಇಟ್ಟರೆ ಪೇಸ್ಟ್ ಹೊಸದಿದ್ದರೂ ಸುಖವಿಲ್ಲ. ಧೂಳು ತೆಗೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ಮಾಡಿದರೆ ಒಳ್ಳೆಯದು, ಏಕೆಂದರೆ ಜುಲೈಯ ತೇವ ಹೀರಿದ ಧೂಳು ಬರೀ ಧೂಳಾಗಿ ಉಳಿಯುವುದಿಲ್ಲ, ಸಣ್ಣಗೆ ಕರೆಂಟ್ ಹರಿಯಲಿಕ್ಕೂ ಬಿಡುತ್ತದೆ. ಒಳಗೆ ಹಲ್ಲಿ ಸಿಕ್ಕಿದರೆ ಆಶ್ಚರ್ಯಪಡಬೇಡಿ.

ರ‍್ಯಾಮ್ ತೊಂದರೆಯ ಗುರುತು ಏನೆಂದರೆ ಪ್ರತಿ ಸಲವೂ ನೀಲಿ ಪರದೆಯ ಕೋಡ್ ಬೇರೆ. ಒಂದು ದಿನ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಂದು ದಿನ ‘ಪೇಜ್ ಫಾಲ್ಟ್’, ಮತ್ತೊಂದು ದಿನ ಯಾವುದೋ ಡ್ರೈವರಿನ ಹೆಸರು. ಕಾರಣ ಸರಳ. ರ‍್ಯಾಮಿನ ಕೆಟ್ಟ ಜಾಗದಲ್ಲಿ ಆ ಹೊತ್ತಿಗೆ ಯಾರು ಕೂತಿದ್ದರೋ ಅವರೇ ಬೀಳುತ್ತಾರೆ, ಅವರ ಹೆಸರೇ ಹೊರಗೆ ಬರುತ್ತದೆ. ವಿಂಡೋಸ್‌ನೊಳಗಿನ ಮೆಮೊರಿ ಪರೀಕ್ಷೆ ತೀರಾ ಮೆತ್ತಗಿನದು. ‘ಮೆಮ್‌ಟೆಸ್ಟ್86’ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ರ‍್ಯಾಮ್ ಫೇಲ್ ಅಂತಲೇ ಲೆಕ್ಕ, ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ಆಮೇಲೆ ಒಂದೊಂದೇ ಕಡ್ಡಿ ಹಾಕಿ ಪರೀಕ್ಷಿಸಿದರೆ ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಬಯಾಸ್‌ನಲ್ಲಿ ‘ಎಕ್ಸ್‌ಎಂಪಿ’ ಅಥವಾ ‘ಎಕ್ಸ್‌ಪೊ’ (ಮೆಮೊರಿಯ ವೇಗ ಏರಿಸುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಇದ್ದರೆ ಆಫ್ ಮಾಡಿ. ಡಬ್ಬದ ಮೇಲೆ 3200 ಅಂತ ಬರೆದಿದ್ದರೂ ಆ ವೇಗ ಬರುವುದು ಓವರ್‌ಕ್ಲಾಕ್‌ನಿಂದಲೇ (ನಿಗದಿತ ವೇಗ ಮೀರಿ ಓಡಿಸುವುದರಿಂದಲೇ) ಇರಬಹುದು, ಎಲ್ಲ ಮದರ್‌ಬೋರ್ಡ್‌ಗೂ ಅದು ಹಿಡಿಸುವುದಿಲ್ಲ.

ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವ ನಮ್ಮ ಹಳೇ ವಿದ್ಯೆ ಕೆಲಸ ಮಾಡುತ್ತದೆ, ಆದರೆ ರಬ್ಬರಿನಿಂದಲೇ ಅಲ್ಲ. ಬಹಳ ಸಲ ಕಿತ್ತು ಮತ್ತೆ ಒತ್ತಿ ಕೂರಿಸಿದ್ದರಿಂದಲೇ ಸಂಪರ್ಕ ಸರಿಯಾಗಿರುತ್ತದೆ. ಉಜ್ಜಿದರೆ ತೆಳ್ಳಗಿನ ಚಿನ್ನದ ಲೇಪ ಸವೆಯುತ್ತದೆ. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಸಾಕು.

ಡಿಸ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಸಾಫ್ಟ್‌ವೇರ್ ತೆರೆದು ನೋಡಿ. ಹಳದಿ ಅಥವಾ ಕೆಂಪು ಬಂದರೆ ಆ ಡಿಸ್ಕ್‌ಗೆ ವಿದಾಯ ಹೇಳಿ. ‘ಸಿಆರ್‌ಸಿ ಎರರ್’ (ಡೇಟಾ ಸಾಗುವಾಗಿನ ತಪ್ಪು) ಸಂಖ್ಯೆ ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕ್ ಚೆನ್ನಾಗಿರುತ್ತದೆ, ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಾಯಿಸಿ.

ಹಾಗಾದರೆ ಸಾಫ್ಟ್‌ವೇರ್ ತಪ್ಪೇ ಮಾಡುವುದಿಲ್ಲವಾ? ಮಾಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು ಅಂತ ಮೈಕ್ರೋಸಾಫ್ಟೇ ಅಂದಾಜು ಕೊಟ್ಟಿತು. ನಮ್ಮ ಏರ್‌ಪೋರ್ಟ್‌ಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಅವತ್ತೇ. ಅಷ್ಟೂ ಯಂತ್ರಗಳ ಹಾರ್ಡ್‌ವೇರ್ ಸರಿಯಾಗಿತ್ತು. ಸೇಫ್ ಮೋಡ್‌ಗೆ (ತೀರಾ ಬೇಕಾದ ಡ್ರೈವರ್‌ಗಳಷ್ಟೇ ಇಟ್ಟುಕೊಂಡು ಓಡುವ ವಿಂಡೋಸ್‌ಗೆ) ಹೋಗಿ ಒಂದು ಫೈಲ್ ಅಳಿಸಿದರೆ ಮುಗಿಯುತ್ತಿತ್ತು, ಫಾರ್ಮ್ಯಾಟ್ ಬೇಕಿರಲಿಲ್ಲ. ವಿಂಡೋಸ್‌ನ ಒಳಮನೆಗೆ ಹೋಗುವ ಅನುಮತಿ ಇರುವುದು ಡ್ರೈವರ್‌ಗಳಿಗೆ ಮತ್ತು ಇಂಥ ಭದ್ರತಾ ಸಾಫ್ಟ್‌ವೇರ್‌ಗಳಿಗೆ. ಅವು ಎಡವಿದರೆ ಇಡೀ ಯಂತ್ರ ಬೀಳುತ್ತದೆ.

ಮನೆಯಲ್ಲಿ ಇಂಥ ಸಂಶಯ ಬಂದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ಗಂಟೆಗಟ್ಟಲೆ ಸರಿಯಿದ್ದರೆ ಡ್ರೈವರ್ ಮೇಲೆ ಸಂಶಯ ಬಲವಾಗುತ್ತದೆ. ಖಚಿತವಾಗುವುದಿಲ್ಲ, ಯಾಕೆಂದರೆ ಸೇಫ್ ಮೋಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ದುಡಿಯುವುದೇ ಇಲ್ಲ, ಎಸ್‌ಎಂಪಿಎಸ್‌ಗೂ ಆರಾಮ. ಗ್ರಾಫಿಕ್ಸ್ ಡ್ರೈವರನ್ನು ‘ಡಿಡಿಯು’ ಸಾಧನದಿಂದ ಪೂರ್ತಿ ತೆಗೆದು, ಒಂದು ಆವೃತ್ತಿ ಹಿಂದಿನದನ್ನು ಹಾಕಿ ನೋಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಒಂದು ಮಾತು: ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳಾದ ಕರ್ನಲ್ ಪೂರ್ತಿ ಮಲಗುವುದಿಲ್ಲ, ಅದರ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೇ ಎದ್ದು ಬರುತ್ತದೆ. ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟೇ ಒತ್ತಬೇಕು.

ಇಂಟೆಲ್ 13 ಅಥವಾ 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್ ಇರುವವರು ಇದನ್ನು ಓದಲೇಬೇಕು. ಅವುಗಳಲ್ಲಿ ಹಲವು ಬೇಕಾದದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಎಳೆದುಕೊಂಡು ಒಳಗೊಳಗೇ ಸವೆಯುತ್ತಿದ್ದವು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಹೊಸ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರುವ, ಪ್ರೊಸೆಸರಿನೊಳಗಿನ ಸೂಚನೆಗಳು) ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಗೇಮ್ ತೆರೆಯುವಾಗ ‘ವಿಡಿಯೊ ಮೆಮೊರಿ ಸಾಲದು’ ಎಂಬ ಅರ್ಥದ ಎರರ್ ಬಂದು ಎಲ್ಲರೂ ಗ್ರಾಫಿಕ್ಸ್ ಕಾರ್ಡನ್ನೇ ಬೈಯುತ್ತಿದ್ದರು. ಬಯಾಸ್ ಅಪ್‌ಡೇಟ್ ಮಾಡಿದರೆ ಮುಂದಿನ ಸವೆತ ತಪ್ಪುತ್ತದೆ, ಆಗಿಹೋದದ್ದು ಸರಿಯಾಗುವುದಿಲ್ಲ. ಅಂಥ ಪ್ರೊಸೆಸರನ್ನು ವಾರಂಟಿಗೆ ಕೊಡುವುದೇ ದಾರಿ. ಬಯಾಸ್ ಅಪ್‌ಡೇಟ್ ಮಾಡುವ ಮುಂಚೆ ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ, ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು.

ಇಷ್ಟನ್ನೂ ಒಂದೇ ಭಾನುವಾರ ಮಾಡಿ ಮುಗಿಸುವ ಹುರುಪು ಬೇಡ. ರ‍್ಯಾಮ್ ಬದಲಿಸಿ, ಪೇಸ್ಟ್ ಹಚ್ಚಿ, ಡ್ರೈವರ್ ಹಾಕಿ, ಎಲ್ಲ ಒಟ್ಟಿಗೆ ಮಾಡಿದರೆ ಕಂಪ್ಯೂಟರ್ ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ. ಒಂದು ಬದಲಿಸಿ. ಕಾಯಿರಿ. ದಿನಕ್ಕೊಮ್ಮೆ ಆಗುತ್ತಿದ್ದದ್ದು ಒಂದು ವಾರ ಆಗದಿದ್ದರೆ ಗೆದ್ದಿರಿ. ವಾರಕ್ಕೊಮ್ಮೆ ಆಗುತ್ತಿದ್ದರೆ ತಿಂಗಳು ಕಾಯಬೇಕು.

ಕೊನೆಗೆ ಭಾಗ ಕೊಳ್ಳಲು ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೀರಿ ಅಲ್ವಾ? ‘ಪಿಸಿ ಬಂದ್ ಹೋತಾ ಹೈ’ ಅಂತ ಶುರು ಮಾಡಿದರೆ ಅಲ್ಲೂ ಅದೇ ಫಾರ್ಮ್ಯಾಟ್ ಪುರಾಣ. ಮೆಮ್‌ಟೆಸ್ಟ್‌ನ ಕೆಂಪು ಸಾಲಿನ ಫೋಟೊ, ನೀಲಿ ಪರದೆಯ ಫೋಟೊ, ಟೈಮ್ ಬರೆದ ಚೀಟಿ ತೋರಿಸಿ. ಮಾತಿನ ಧಾಟಿಯೇ ಬದಲಾಗುತ್ತದೆ. ಹಳೇ ಭಾಗಕ್ಕೆ ವಾರಂಟಿ ಉಳಿದಿದೆಯಾ ಅಂತ ಕೊಳ್ಳುವ ಮುಂಚೆ ಸೀರಿಯಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಹೊಸದಕ್ಕೆ ಪಕ್ಕಾ ಬಿಲ್ ಕೇಳಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಬಂದ್ ಇರುತ್ತವೆ.